ಹಿಟ್ಟಿನ ಕೋಳಿ, ಲಸಿಕೆಯ ಕೋಳಿ

ಕೊಕ್ಕರೆ ರೋಗ ಓಣಿಗೆ ಹೊಕ್ಕರೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೋಳಿ ತೂಕಡಿಸುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ. ಕೆಲವಕ್ಕೆ ಕುತ್ತಿಗೆಯೇ ತಿರುಚಿಕೊಳ್ಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಹಿತ್ತಲಿಗೆ ಐದಾರು ಜವಾರಿ ಕೋಳಿ ಬಿಟ್ಟುಕೊಂಡ ಹೆಣ್ಣುಮಕ್ಕಳಿಗೆ ಇದು ಕೈಖರ್ಚಿನ ಗಂಟು ಕರಗುವ ಹೊತ್ತು. ಪಶುವೈದ್ಯರ ಬಾಯಲ್ಲಿ ಇದೇ ರಾಣಿಖೇತ್. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಗುರುತಾದ ರೋಗ ಮರುವರ್ಷವೇ ಕುಮಾವೂಂ ಬೆಟ್ಟದ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತ್ತು.

ಇದಕ್ಕೆ ಲಸಿಕೆ ಇದೆ. ಹಾಕಿಸುವುದು ದಯೆಯೋ ಬರೀ ಲೆಕ್ಕಾಚಾರವೋ ಎಂಬುದು ಮಾತ್ರ ಅಷ್ಟು ಸಲೀಸಾದ ಪ್ರಶ್ನೆಯಲ್ಲ. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಆರ್‌ಟುಬಿ ಎಂಬ ಲಸಿಕೆ ತಳಿ ಮುಕ್ತೇಶ್ವರದ ಪಶುರೋಗ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಹುಟ್ಟಿದ್ದು. ಉಗ್ರ ವೈರಸ್ಸನ್ನು ಮೊಟ್ಟೆಯಿಂದ ಮೊಟ್ಟೆಗೆ ದಾಟಿಸುತ್ತ ಅದರ ಸೊಕ್ಕು ಮುರಿದರು. ಈಗಲೂ ಒಂಬತ್ತು ಹತ್ತು ದಿನ ಕಾವು ಪಡೆದ ಮೊಟ್ಟೆಗೆ ವೈರಸ್ ಚುಚ್ಚಿ, ಭ್ರೂಣದ ಸುತ್ತಲಿನ ದ್ರವವನ್ನು ಬಸಿದುಕೊಳ್ಳುತ್ತಾರೆ. ಭ್ರೂಣ ಉಳಿಯುವುದಿಲ್ಲ.

ಕನ್ನಡಕ್ಕೆ ಈ ತೊಡಕು ಹೊಸದೇನಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ದೊರೆ ಜೀವವಿರುವ ಪ್ರಾಣಿಯನ್ನು ಕೊಲ್ಲಲೊಲ್ಲ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದೊಡನೆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಕೊಂದದ್ದು ಹಿಟ್ಟನ್ನು, ಆದರೂ ತಾಯಿ ಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ಹುಟ್ಟಿ, ಕೊನೆಗೆ ಕೋಳಿಗಳಾಗಿಯೂ, ಸಾಯುತ್ತಾರೆ. ಸಂಕಲ್ಪ ಹಿಂಸೆಯ, ಎಂದರೆ ಮನಸ್ಸಿನಲ್ಲೇ ಎಣಿಸಿದ ಹಿಂಸೆಯ, ಫಲ ಇದು. ಲಸಿಕೆಯಲ್ಲಿ ಇದು ತಿರುಗುಮುರುಗು: ಸಂಕಲ್ಪ ರಕ್ಷಣೆಯದು, ಸಾವು ನಿಜದ್ದು. ಜನ್ನನ ತಕ್ಕಡಿಯಲ್ಲಿ ಲಸಿಕೆ ಹಾಕುವವರು ಗೆದ್ದಂತೆಯೇ ಕಾಣುತ್ತದೆ. ಕೋಳಿಯ ಮೈಯೊಳಗೆ ಇಣುಕಿದರೆ ಆ ಗೆಲುವು ಅಲುಗಾಡುತ್ತದೆ.

ಮರಿ ಹೊರಬರುವಾಗಲೇ ತಾಯಿಯ ಪ್ರತಿಕಾಯಗಳನ್ನು ಮೊಟ್ಟೆಯ ಹಳದಿಯಿಂದ ಪಡೆದಿರುತ್ತದೆ. ಎರಡು ಮೂರು ವಾರ ಅದೇ ಕಾವಲು. ಆದರೆ ತಾಯಿ ಕೊಟ್ಟ ಆ ಕಾವಲು ಬೇಗ ಹಾಕಿದ ಲಸಿಕೆಯನ್ನೂ ಶತ್ರುವೆಂದೇ ಹೊಡೆದುಹಾಕಬಲ್ಲದು. ಆದ್ದರಿಂದ ಮೊದಲ ವಾರ ಕಣ್ಣಿಗೆ ಹನಿ ಮಾತ್ರ, ಆರರಿಂದ ಎಂಟನೇ ವಾರಕ್ಕೆ ಆರ್‌ಟುಬಿ ಚುಚ್ಚುಮದ್ದು. ಕಣ್ಣಿನ ಹನಿ ಕಣ್ಣಿನ ಹಿಂದಿರುವ ಹಾರ್ಡರ್ ಗ್ರಂಥಿಯಲ್ಲಿ ಪ್ರತಿಕಾಯಗಳನ್ನು ಎಬ್ಬಿಸಿ ಅಲ್ಲೇ ಬಾಗಿಲು ಕಾಯಿಸುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಪಳಗುವುದು ಬಾಲದ ಬುಡದಲ್ಲಿರುವ ಫ್ಯಾಬ್ರಿಷಿಯಸ್ ಚೀಲದಲ್ಲಿ. ಈ ಚೀಲದ ಕೆಲಸವೇನೆಂದು 1956ರಲ್ಲಿ ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ತಿಮೋತಿ ಚಾಂಗ್ ತೋರಿಸಿದರು. ಮನುಷ್ಯರ ಬಿ ಕೋಶಗಳ ಅರಿವು ಬೆಳೆದದ್ದೂ ಅಲ್ಲಿಂದಲೇ. ಕೋಳಿಗೆ ಮನುಷ್ಯ ತೀರಿಸದ ಸಾಲಗಳಲ್ಲಿ ಇದೂ ಒಂದು.

ತೊಡಕು ಇರುವುದು ಮುಂದೆ. ಈ ಲಸಿಕೆ ರೋಗವನ್ನು ತಡೆಯುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಪಡೆದ ಕೋಳಿ ಆರಾಮಾಗಿ ಕಾಳು ಹೆಕ್ಕುತ್ತಲೇ ಉಗ್ರ ವೈರಸ್ಸನ್ನು, ಕಡಿಮೆ ಪ್ರಮಾಣದಲ್ಲಾದರೂ, ಹೊರಹಾಕಬಲ್ಲದು. ಕೋಳಿಗಳ ಇನ್ನೊಂದು ವೈರಸ್ ರೋಗವಾದ ಮರೆಕ್‌ನಲ್ಲಂತೂ ಇದು ಇನ್ನೂ ಕಟು. 2015ರಲ್ಲಿ ಆಂಡ್ರ್ಯೂ ರೀಡ್ ಅವರ ತಂಡ ತೋರಿಸಿದಂತೆ, ಲಸಿಕೆಯಿಲ್ಲದ ಕೋಳಿಯಲ್ಲಿ ಅತ್ಯುಗ್ರ ತಳಿ ಬೇಗನೆ ಕೋಳಿಯನ್ನು ಕೊಂದು ಹರಡುವ ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಲಸಿಕೆ ಪಡೆದ ಕೋಳಿ ಬದುಕಿ ಉಳಿದು ಅದನ್ನು ಹೆಚ್ಚು ಕಾಲ ಹರಡುತ್ತದೆ. ಜನ್ನ ಕೇಳಿದ್ದು ಮನಸ್ಸಿನಲ್ಲಿ ಏನಿತ್ತೆಂದು. ವೈರಸ್ಸಿಗೆ ಯಾರ ಮನಸ್ಸಿನ ಗೊಡವೆಯೂ ಇಲ್ಲ. ಪಕ್ಕದ ಹಿತ್ತಲಿನ ಲಸಿಕೆಯಿಲ್ಲದ ಕೋಳಿಗೆ ಈ ಹಿತ್ತಲಿನ ಒಳ್ಳೆಯ ಸಂಕಲ್ಪದಿಂದ ಸಿಗುವುದು ಸೋಂಕು ಮಾತ್ರ ಆಗಬಹುದು.

ಬಸವಣ್ಣನ ಊರಿನ ಸೀಮೆಯಲ್ಲಿ ಇನ್ನೊಂದು ಆಕ್ಷೇಪವೂ ಏಳುತ್ತದೆ. ಬಲಿಗೆ ತಂದ ಕುರಿ ತೋರಣದ ತಳಿರನ್ನೇ ಮೇಯುವ ಚಿತ್ರ ಅವನ ವಚನದಲ್ಲಿದೆ. ಲಸಿಕೆಯಿಂದ ಉಳಿದ ಕೋಳಿಯೂ ಭಾನುವಾರದ ಸಾರಿಗೇ ಹೋಗುವುದಾದರೆ ಇದೆಂಥ ದಯೆ? ಆಕ್ಷೇಪ ಸರಿಯೇ. ಆದರೆ ಉಸಿರುಗಟ್ಟಿ ಸಾಯುವ ಮೂರು ದಿನದ ಸಂಕಟ, ಮುಂದೆ ಪಾತ್ರೆ ಕಾದಿದೆ ಎಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ಲಸಿಕೆಯ ಬದಲು ಕೊಲ್ಲುವುದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಹೆಸರಘಟ್ಟವಿದೆ: 2012ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಕೇಂದ್ರಕ್ಕೆ ಹಕ್ಕಿಜ್ವರ ಬಂದಾಗ, ಚೆನ್ನಾಗಿದ್ದ ಕೋಳಿಗಳೂ ಉಳಿಯಲಿಲ್ಲ.

ಹಳ್ಳಿಯ ಮಟ್ಟಿಗೆ ಪ್ರಶ್ನೆ ಇರುವುದು ಸಣ್ಣ ಸೀಸೆಯೊಂದರಲ್ಲಿ. ಅದರಲ್ಲಿ ನೂರು ಅಥವಾ ಇನ್ನೂ ಹೆಚ್ಚು ಡೋಸ್. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಐಸಿನ ಮೇಲಿಡಬೇಕು. ಐದು ಕೋಳಿಯ ಮನೆಯವರು ಒಬ್ಬರೇ ಒಡೆದರೆ ಉಳಿದದ್ದು ಚೆಲ್ಲಬೇಕು. ಒಟ್ಟಾಗದ ಓಣಿಯಲ್ಲಿ ರೋಗದ ಸುದ್ದಿ ಬಂದಾಗ, ಸಾಯುವ ಮುನ್ನ ನಾಲ್ಕು ಕಾಸಾಗಲಿ ಎಂದು ಕೋಳಿಗಳನ್ನು ಸಂತೆಗೆ ಒಯ್ಯುತ್ತಾರೆ, ವೈರಸ್ ಮುಂದಿನ ಊರು ಸೇರುತ್ತದೆ. ಮಾರಿದವರ ಮನಸ್ಸಿನಲ್ಲಿ ಕೇಡು ಎಳ್ಳಷ್ಟೂ ಇರುವುದಿಲ್ಲ. ಅವರನ್ನು ತೂಗಲು ಜನ್ನನ ಬಳಿ ತೂಕದ ಕಲ್ಲು ಇಲ್ಲ. ಒಟ್ಟಾದ ಊರುಗಳೂ ಇವೆ: ಆಸ್ಟ್ರೇಲಿಯಾದಲ್ಲಿ ಸಿದ್ಧವಾದ, ಬಿಸಿಗೆ ಬೇಗ ಕೆಡದ ಐ-2 ಲಸಿಕೆಯನ್ನು ಮೊಜಾಂಬಿಕ್‌ನ ಹಳ್ಳಿಗಳಲ್ಲಿ ತರಬೇತಿ ಪಡೆದ ಊರವರೇ ಹನಿಯಾಗಿ ಹಾಕುತ್ತಾರೆ. ನಾಲ್ಕು ತಿಂಗಳಿಗೊಮ್ಮೆ, ಊರಿನ ಕೋಳಿಗಳಿಗೆಲ್ಲ ಒಟ್ಟಿಗೆ.