ಮಿತವ್ಯಯ ಬೇರೆ, ಅಪರಿಗ್ರಹ ಬೇರೆ

ಗೃಹಸ್ಥನು ಮಿತವಾಗಿ ಖರ್ಚು ಮಾಡಿ ಬದುಕಿದರೆ ಪರಿಗ್ರಹ ಪರಿಮಾಣ ವ್ರತವನ್ನು ಪಾಲಿಸಿದಂತಾಗುವುದೇ? ವ್ಯಾಪಾರವೇ ಜೀವನೋಪಾಯವಾದ ಸಮಾಜಕ್ಕೆ ಇದು ನಿತ್ಯದ ಪ್ರಶ್ನೆ. ದುಂದುವೆಚ್ಚ ಮಾಡದ ಶ್ರೀಮಂತನನ್ನು ವ್ರತಿಕನಂತೆ ಬದುಕುವವನೆಂದು ಹೊಗಳುವುದು ರೂಢಿಯಲ್ಲಿದೆ. ಆ ಹೊಗಳಿಕೆ ಎಷ್ಟರಮಟ್ಟಿಗೆ ಸಲ್ಲುತ್ತದೆಂದು ಪರೀಕ್ಷಿಸಲು, ಒಕ್ಕಲು ಮನೆಯಿಂದ ಬಂದು ಪೀಠೋಪಕರಣಗಳ ವ್ಯಾಪಾರದಲ್ಲಿ ಜಗತ್ಪ್ರಸಿದ್ಧರಾದ ಇಂಗ್ವಾರ್ ಕಾಂಪ್ರಾಡ್ ಅವರ ಜೀವನವು ಒಳ್ಳೆಯ ಒರೆಗಲ್ಲಾಗಿದೆ.

ಕಾಂಪ್ರಾಡ್ ಅವರು 1926ರಲ್ಲಿ ಸ್ವೀಡನ್ ದೇಶದ ಸ್ಮೋಲಂಡ್ ಪ್ರಾಂತದಲ್ಲಿ ಜನಿಸಿದರು. ಅದು ಕಲ್ಲುನೆಲದ, ಬಡತನದ ಸೀಮೆ. ಅವರ ಅಜ್ಜ ಸಾಲದ ಬಾಧೆಯಿಂದ 1897ರಲ್ಲಿ ಪ್ರಾಣ ಕಳೆದುಕೊಂಡಾಗ ಅಜ್ಜಿಯೇ ಜಮೀನನ್ನು ಉಳಿಸಿದರು. ಬಾಲಕನು ಐದನೆಯ ವಯಸ್ಸಿನಲ್ಲಿಯೇ ನೆರೆಹೊರೆಯವರಿಗೆ ಬೆಂಕಿಪೆಟ್ಟಿಗೆ ಮಾರತೊಡಗಿದನು. 1943ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಐಕಿಯಾ ಸಂಸ್ಥೆ ಹುಟ್ಟಿತು. ತನ್ನ ಹೆಸರಿನ ಎರಡು ಅಕ್ಷರ, ಎಲ್ಮ್‌ತರೀದ್ ಎಂಬ ತೋಟದ ಮನೆಯ ಒಂದು ಅಕ್ಷರ, ಅಗುನ್ನರೀದ್ ಎಂಬ ಊರಿನ ಒಂದು ಅಕ್ಷರ ಸೇರಿ ಆ ಹೆಸರಾಯಿತು. ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತು ಪೇಟೆಗೆ ಬರುವ ಬೆಳಗಾವಿ ಸೀಮೆಯ ಮನೆತನಗಳಿಗೆ ಈ ಭಾವ ಅಪರಿಚಿತವಲ್ಲ. 1948ರಿಂದ ಪೀಠೋಪಕರಣ ಮಾರಾಟ, 1956ರಿಂದ ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿಟ್ಟು ಗಿರಾಕಿಯೇ ಜೋಡಿಸಿಕೊಳ್ಳುವ ಪದ್ಧತಿ, 1958ರಲ್ಲಿ ಮೊದಲ ದೊಡ್ಡ ಮಳಿಗೆ. ಆ ಸಂಸ್ಥೆ 2018ರಲ್ಲಿ ಹೈದರಾಬಾದಿಗೂ 2022ರಲ್ಲಿ ಬೆಂಗಳೂರಿಗೂ ಬಂದಿತು.

ಇಷ್ಟು ಸಂಪತ್ತಿದ್ದರೂ ಕಾಂಪ್ರಾಡ್ ಅವರು ವಿಮಾನದ ಅಗ್ಗದ ದರ್ಜೆಯಲ್ಲಿ ಪ್ರಯಾಣಿಸುತ್ತಿದ್ದರು. ಹಳೆಯ ಕಾರನ್ನೇ ವರ್ಷಾನುಗಟ್ಟಲೆ ಓಡಿಸುತ್ತಿದ್ದರು. ಸಂತೆಯಲ್ಲಿ ಕೊಂಡ ಹಳೆಯ ಬಟ್ಟೆಯನ್ನು ಸಂಕೋಚವಿಲ್ಲದೆ ಧರಿಸುತ್ತಿದ್ದರು. 1976ರಲ್ಲಿ ಸಿಬ್ಬಂದಿಗಾಗಿ ಬರೆದ ಕಿರುಹೊತ್ತಗೆಯಲ್ಲಿ ಪೋಲುಮಾಡುವುದನ್ನು ಪಾಪವೆಂದೇ ಕರೆದರು. ಸ್ವಿಟ್ಜರ್ಲೆಂಡಿನಲ್ಲಿ ಮನೆಯೂ ಫ್ರಾನ್ಸಿನಲ್ಲಿ ದ್ರಾಕ್ಷಿ ತೋಟವೂ ಇದ್ದವೆಂಬುದು ನಿಜ. ಆದರೂ ಅವರ ಮಿತವ್ಯಯವು ತೋರಿಕೆಯದೆನ್ನಲಾಗದು. ಅದು ಒಕ್ಕಲು ಮನೆಯ ಸಂಸ್ಕಾರ.

ಆದರೆ ಐದನೆಯ ಅಣುವ್ರತವು ಕೇಳುವ ಪ್ರಶ್ನೆಯೇ ಬೇರೆ. ಎಷ್ಟು ಖರ್ಚು ಮಾಡಿದೆ ಎಂದು ಅದು ಕೇಳುವುದಿಲ್ಲ. ಎಷ್ಟಕ್ಕೆ ಸಾಕೆಂದೆ ಎಂದು ಕೇಳುತ್ತದೆ. ಪರಿಮಾಣವನ್ನು ಮೊದಲೇ ಗೊತ್ತುಮಾಡಿಕೊಂಡು, ಅದನ್ನು ಮೀರಿದ್ದನ್ನು ತನ್ನದೆನ್ನದಿರುವುದೇ ವ್ರತ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಪರಿಗ್ರಹದ ಮೂಲವನ್ನು ವಸ್ತುವಿನಲ್ಲಲ್ಲ, ಮಮತ್ವದಲ್ಲಿ ಗುರುತಿಸುತ್ತದೆ. ಉಳಿಸಿದ ಪ್ರತಿ ಕಾಸೂ ಮತ್ತೆ ಬಂಡವಾಳವಾಗಿ ವ್ಯಾಪಾರವನ್ನು ಬೆಳೆಸಿದರೆ, ಮಿತವ್ಯಯವು ಸಂಗ್ರಹದ ಸಾಧನವಾಯಿತೇ ಹೊರತು ಸಂಗ್ರಹಕ್ಕೆ ಕಡಿವಾಣವಾಗಲಿಲ್ಲ.

1982ರಲ್ಲಿ ಕಾಂಪ್ರಾಡ್ ಅವರು ಮಳಿಗೆಗಳ ಒಡೆತನವನ್ನು ನೆದರ್‌ಲೆಂಡ್ಸ್‌ನ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿದರು. ಹೊರನೋಟಕ್ಕೆ ಅದು ತ್ಯಾಗ. ಆದರೆ ಆ ಪ್ರತಿಷ್ಠಾನವು ತನ್ನ ಸಂಪತ್ತಿಗೆ ಹೋಲಿಸಿದರೆ ಅತ್ಯಲ್ಪ ದಾನ ಮಾಡುತ್ತಿದೆಯೆಂದು 2006ರಲ್ಲಿ ‘ದಿ ಇಕನಾಮಿಸ್ಟ್’ ಪತ್ರಿಕೆ ಟೀಕಿಸಿತು. ಐಕಿಯಾ ಹೆಸರಿನ ಹಕ್ಕು ಅವರ ಕುಟುಂಬದ ಹಿಡಿತದಲ್ಲಿದ್ದ ಲೀಚ್ಟೆನ್‌ಸ್ಟೈನ್‌ನ ಮತ್ತೊಂದು ಪ್ರತಿಷ್ಠಾನದಲ್ಲಿದ್ದುದು 2011ರಲ್ಲಿ ಬೆಳಕಿಗೆ ಬಂದಿತು. ಕಾನೂನಿನ ದೃಷ್ಟಿಯಲ್ಲಿ ಆಸ್ತಿ ಕೈಬಿಟ್ಟಿತ್ತು; ಹಿಡಿತ ಕೈಬಿಟ್ಟಿರಲಿಲ್ಲ.

ಇದಕ್ಕೆ ಎದುರಾಗಿ ಖಾನಾಪುರ ತಾಲ್ಲೂಕಿನ ಹಲಸಿಯನ್ನು ನೆನೆಯಬಹುದು. ಅದೇ ಪ್ರಾಚೀನ ಪಲಾಶಿಕಾ. ಕದಂಬ ದೊರೆ ಮೃಗೇಶವರ್ಮನು ತಂದೆಯ ಸ್ಮರಣೆಗಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನೆಂದು ತಾಮ್ರಶಾಸನ ಹೇಳುತ್ತದೆ. ಎಷ್ಟು ಭೂಮಿ, ಯಾರಿಗೆ, ಯಾವ ಕಾರ್ಯಕ್ಕೆ ಎಂಬುದೆಲ್ಲ ಅಲ್ಲಿ ಸ್ಪಷ್ಟ. ದಾನವೆಂದರೆ ಅಳೆದು, ಹೆಸರಿಸಿ, ಕೈಬಿಡುವುದು. ಟ್ರಸ್ಟ್ ರಚಿಸಿದ ಮೇಲೆಯೂ ಅದರ ಕೀಲಿಕೈಯನ್ನು ಸೊಂಟದಲ್ಲಿಯೇ ಇಟ್ಟುಕೊಂಡವನು ತನ್ನ ಮಮತ್ವವನ್ನು ಇನ್ನೊಂದು ಪೆಟ್ಟಿಗೆಗೆ ವರ್ಗಾಯಿಸಿದ್ದಾನೆ, ಅಷ್ಟೆ.

ಎರಡನೆಯ ಪ್ರಶ್ನೆ ಹಿಂಸೆಯದು. ವನಸ್ಪತಿಯು ಏಕೇಂದ್ರಿಯ ಜೀವ. ಶ್ರಾವಕಾಚಾರ ಗ್ರಂಥಗಳು ಹೆಸರಿಸುವ ಹದಿನೈದು ಖರಕರ್ಮಗಳಲ್ಲಿ ವನಜೀವಿಕೆಯೂ ಒಂದು. ಮರ ಕಡಿಯುವುದಕ್ಕೂ ಮಂಚ ಮಾರುವುದಕ್ಕೂ ಅಂತರವಿದೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಪೂರ್ಣವಾಗಿ ತಪ್ಪದು. ಅಗ್ಗದ ಮೇಜು ಬಡವನ ಮಗನ ಓದಿಗೆ ಒದಗುತ್ತದೆಂಬುದೂ ಸಣ್ಣ ಪುಣ್ಯವಲ್ಲ. ಆದರೆ ಅಗ್ಗವೆಂದೇ ಕೊಂಡು ನಾಲ್ಕು ವರ್ಷಕ್ಕೆ ಎಸೆಯುವ ಮೇಜು ಮತ್ತೊಂದು ಮರವನ್ನು ಬೇಡುತ್ತದೆ. ಮೂರು ತಲೆಮಾರು ಬಾಳಿದ ಸಾಗುವಾನಿ ಮಂಚಗಳು ಖಾನಾಪುರದ ಮನೆಗಳಲ್ಲಿ ಅಪರೂಪವಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯೂ 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡವೂ ಅದೇ ತಾಲ್ಲೂಕಿನಲ್ಲಿವೆ. ಬೆಳಗಾವಿಯ ಮಳಿಗೆಯಲ್ಲಿ ಕುಳಿತ ವ್ಯಾಪಾರಿಯು ಬಾಳುವ ವಸ್ತುವನ್ನು ಮಾರಿ, ಹಳೆಯದನ್ನು ದುರಸ್ತಿ ಮಾಡಿಸಿಕೊಡುವನಾದರೆ, ಅದು ಅವನ ಕೈಗೆಟಕುವ ಅಹಿಂಸೆಯಾಗಿದೆ.

ಮೂರನೆಯದು ಆಲೋಚನೆ, ಅಂದರೆ ದೋಷ ನಿವೇದನೆ. ಯೌವನದಲ್ಲಿ ಕಾಂಪ್ರಾಡ್ ಅವರಿಗೆ ನಾಜಿವಾದಿಗಳ ಸಂಪರ್ಕವಿದ್ದುದು 1994ರಲ್ಲಿ ಬಯಲಾಯಿತು. ಸಿಬ್ಬಂದಿಗೆ ಪತ್ರ ಬರೆದು, ಅದು ಜೀವನದ ಮಹಾಪ್ರಮಾದವೆಂದು ಒಪ್ಪಿಕೊಂಡರು. ಆದರೆ ಆ ಸಂಬಂಧ ಒಪ್ಪಿಕೊಂಡುದಕ್ಕಿಂತ ಆಳವಾಗಿತ್ತೆಂದು 2011ರಲ್ಲಿ ಲೇಖಕಿ ಎಲಿಸಬೆತ್ ಓಸ್‌ಬ್ರಿಂಕ್ ಅವರ ಗ್ರಂಥವು ತೋರಿಸಿತು. ಇತರರು ಕಂಡುಹಿಡಿದಷ್ಟನ್ನು ಮಾತ್ರ ಒಪ್ಪಿಕೊಳ್ಳುವುದು ಪ್ರತಿಕ್ರಮಣವಲ್ಲ. ಶ್ರಾವಕನು ಸಾಯಂಕಾಲ ಯಾರೂ ಕೇಳದಿದ್ದರೂ ತನ್ನ ದೋಷವನ್ನು ತಾನೇ ಎಣಿಸುತ್ತಾನೆ.

2018ರ ಜನವರಿ 27ರಂದು 91ನೆಯ ವಯಸ್ಸಿನಲ್ಲಿ ಕಾಂಪ್ರಾಡ್ ಅವರು ತಮ್ಮ ಸ್ಮೋಲಂಡಿನಲ್ಲಿಯೇ ನಿಧನರಾದರು. ಅವರ ಶ್ರಮ, ಸರಳತೆ, ಊರಿನ ನೆನಪು ಅನುಕರಣೀಯವೇ ಸರಿ. ಖಾನಾಪುರದ ಭತ್ತದ ಗದ್ದೆಯಿಂದ ಬೆಳಗಾವಿಯ ಪೇಟೆಗೆ ಬಂದು ಏಳಿಗೆ ಹೊಂದುವ ಯುವಕನು ಅವುಗಳನ್ನು ಕಲಿಯಲಿ. ಜೊತೆಗೆ, ಲೆಕ್ಕದ ಹೊಸ ಪುಸ್ತಕವನ್ನು ತೆರೆಯುವ ದೀಪಾವಳಿಯ ದಿನ, ಈ ವರ್ಷ ಎಷ್ಟು ಗಳಿಸಬೇಕೆಂಬ ಸಂಕಲ್ಪದ ಕೆಳಗೆ ಎಷ್ಟಕ್ಕೆ ಸಾಕು ಎಂಬ ಇನ್ನೊಂದು ಅಂಕಿಯನ್ನೂ ಬರೆಯಲಿ. ಆ ಅಂಕಿಯನ್ನು ಮೀರಿದ್ದು ಯಾರಿಗೆ ಸಲ್ಲಬೇಕೆಂಬುದನ್ನು ಅಂದೇ ನಿರ್ಧರಿಸಲಿ. ಮಿತವ್ಯಯವು ವ್ರತವಾಗುವುದು ಅಲ್ಲಿಂದ.