ಅಪ್ಪನ ಬ್ಲಾಕಿಗೆ ಅರ ಹಾಕಬಹುದೇ?

ಲೋಂಡಾದ ಮಳೆಗೆ ಜಂಗು ಹಿಡಿಯದ ಕಬ್ಬಿಣ ಇಲ್ಲ. ನಮ್ಮ ಹಿತ್ತಲಿನ ತಗಡಿನ ಕೆಳಗೆ ಹನ್ನೊಂದು ವರ್ಷ ನಿಂತಿದ್ದ ಅಪ್ಪನ ಯಮಹಾ ಆರ್‌ಎಕ್ಸ್ 100ಕ್ಕೂ ಹಿಡಿದಿತ್ತು. ಹೋದ ವರ್ಷ ಅಣ್ಣನ ಮಗ ಅದನ್ನು ಹೊರಗೆ ತಳ್ಳಿಕೊಂಡು ಬಂದು, "ಕಾಕಾ, ಇದನ್ನ ಮೋಟೋಕ್ರಾಸ್ ಗಾಡಿ ಮಾಡೂಣು" ಅಂದ. ಹೂಂ ಅಂದೆ. ತಕರಾರು ಶುರುವಾದದ್ದು ಖಾನಾಪುರದಲ್ಲಿ ಇಂಜಿನ್ ಬಿಚ್ಚಿದ ಮೇಲೆ.

ಈ ಗಾಡಿ ನಮ್ಮ ದೇಶದಲ್ಲಿ ತಯಾರಾದದ್ದು 1985ರಿಂದ 1996ರವರೆಗೆ. 98 ಸಿಸಿ, 11 ಬಿಎಚ್‌ಪಿ. ಟೂ-ಸ್ಟ್ರೋಕ್ ಇಂಜಿನ್ನಿನ ಹೆಡ್ಡಿನಲ್ಲಿ ವಾಲ್ವ್ ಇರುವುದಿಲ್ಲ. ಬ್ಲಾಕಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಸ್ವಲ್ಪ ಎತ್ತರಿಸಿದರೆ ಜೋರಾಗಿ ತಿರುಗುವಾಗ ಶಕ್ತಿ ಹೆಚ್ಚುತ್ತದೆ, ನಿಧಾನದ ಎಳೆತ ಕಮ್ಮಿಯಾಗುತ್ತದೆ. ಹುಡುಗನಿಗೆ ಬೇಕಾದದ್ದು ಆ ಜೋರು. ಆದರೆ ಉಜ್ಜಿದ ಲೋಹ ತಿರುಗಿ ಬರುವುದಿಲ್ಲ.

"ಅಪ್ಪನ ಬ್ಲಾಕು, ಒರಿಜಿನಲ್ ಹಾಗೇ ಇರಲಿ" ಅಂದೆ. ಮೆಕ್ಯಾನಿಕ್ ನಕ್ಕ. "ಒರಿಜಿನಲ್ ಎಲ್ಲೈತ್ರಿ? ಎರಡು ಸಲ ಬೋರಿಂಗ್ ಆಗೈತಿ." ಕಂಪನಿ ಕೊಟ್ಟ ಬೋರು 50 ಮಿಲಿಮೀಟರ್, ಈಗ ಐವತ್ತೂವರೆ. ಕೊರೆಸಿದ್ದು ಅಪ್ಪನೇ.

ಮಳೆಗಾಲಕ್ಕೆ ಮುಂಚೆ ಹಂಚು ಬದಲಾಯಿಸುತ್ತೇವೆ, ಮನೆ ಅದೇ ಇರುತ್ತದೆ. ಬೋರಿಂಗ್ ಹಾಗೆ: ಗಾಡಿ ಗಾಡಿಯಾಗಿಯೇ ಉಳಿಯಲಿ ಅಂತ. ಕಿಂಡಿ ಎತ್ತರಿಸುವುದು ಗೋಡೆ ಒಡೆದು ಅಂಗಡಿ ಮಾಡಿದ ಹಾಗೆ. ಹೀಗೆ ಸಮಾಧಾನ ಮಾಡಿಕೊಂಡು ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯಿಂದ ಇನ್ನೊಂದು ಬ್ಲಾಕು ತಂದೆ. ಅರ ಅದಕ್ಕೆ ಬೀಳಲಿ!

ಮನೆಗೆ ತಂದು ಎಣ್ಣೆಜಿಡ್ಡು ಒರೆಸಿದರೆ ಅದರ ಮೇಲೆ ಮೊಳೆಯಿಂದ ಗೀರಿದ ಎರಡು ಅಕ್ಷರ. ಯಾರದೋ ಹೆಸರಿನದು. ಅದೂ ಯಾರದೋ ಅಪ್ಪನ ಬ್ಲಾಕೇ. ನನ್ನ ಮನೆಯ ನೆನಪನ್ನು ಕಾಪಾಡಲು ಗುರುತಿಲ್ಲದವರ ನೆನಪಿಗೆ ಅರ ಹಾಕಲು ಹೊರಟಿದ್ದೆ. ಇದು ನಿಷ್ಠೆಯೋ, ಬರೀ ನನ್ನದು ಅನ್ನುವ ಮೋಹವೋ?

ಆಗ ಇನ್ನೊಂದು ಹೊಳೆಯಿತು. ಅಪ್ಪ ಇನ್ನೂ ಇದ್ದಾರೆ. ಆರ್‌ಸಿ ಅವರ ಹೆಸರಲ್ಲೇ ಇದೆ. ಅವರನ್ನು ಯಾರೂ ಕೇಳಿರಲಿಲ್ಲ!

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. 1990ರ ದಶಕದಲ್ಲಿ ಇಲ್ಲಿನ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ಹಳಿ ಕಿತ್ತವರಲ್ಲಿ ಒಬ್ಬರು. ಎಲ್ಲ ಕೇಳಿ ಅಂದರು: "ಹಳೇ ಹಳಿ ಕೀಳುವಾಗ ನಮಗೂ ಬ್ಯಾಸರಾಗಿತ್ತು. ಆದ್ರ ರೈಲು ಓಡಬೇಕಲ್ಲ. ನನ್ನ ಗಾಡಿನ ದೇವರ ಮಾಡಿ ಕುಂದರಸಬ್ಯಾಡ." ಆಮೇಲೆ ಮೊಮ್ಮಗನ ಕಡೆ ತಿರುಗಿ, "ಉಜ್ಜಿದ ಮ್ಯಾಲ ಬ್ಯಾಡ ಅನಿಸಿದ್ರ ಏನ ಮಾಡ್ತೀ?" ಅಂದರು.

ಹುಡುಗ ಸುಮ್ಮನಾದ. ನಾನೂ.

ನನ್ನ ಪ್ರಶ್ನೆ ಗಾಡಿಯದಾಗಿತ್ತು: ಯಾವುದು ಒರಿಜಿನಲ್? ಅಪ್ಪನ ಪ್ರಶ್ನೆ ಮನುಷ್ಯನದು: ನಿನ್ನ ಮನಸ್ಸು ಬದಲಾದರೆ? ಹಳತನ್ನು ಮುಟ್ಟಲೇಬಾರದು ಅನ್ನುವುದೂ ಹೆದರಿಕೆಯೇ. ಆದರೆ ತಿರುಗಿ ಸರಿಮಾಡಲಾಗದ ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದಿಷ್ಟು ಕಾಲ ಕೊಡಬೇಕು. ವಸ್ತುವಿಗಷ್ಟೇ ಅಲ್ಲ, ನಮಗೂ.

ಸದ್ಯ ನಟ್ಟು ಬೋಲ್ಟಿನಲ್ಲಿ ಆಗುವುದಷ್ಟನ್ನೇ ಮಾಡಿದ್ದೇವೆ: ಹಿಂದೆ ದೊಡ್ಡ ಸ್ಪ್ರಾಕೆಟ್, ಬಟನ್ ಟೈರು, ಅಗಲ ಹ್ಯಾಂಡಲ್. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಹಾಗಾಗಿ ಈ ವೇಷದಲ್ಲಿ ಅದು ರಸ್ತೆಗೆ ಇಳಿಯುವುದಿಲ್ಲ, ಮೈದಾನಕ್ಕೆ ಟೆಂಪೋದಲ್ಲೇ ಹೋಗುತ್ತದೆ. ಹೆಡ್‌ಲೈಟು, ಹಳೇ ಹ್ಯಾಂಡಲ್ಲು ಗೋಣಿಚೀಲದಲ್ಲಿವೆ. ಎರಡಕ್ಷರದ ಬ್ಲಾಕು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿದೆ.

ಮುಂದಿನ ಮಳೆಗಾಲಕ್ಕೂ ಹುಡುಗನಿಗೆ ಅದೇ ಆಸೆ ಇದ್ದರೆ ಅಪ್ಪ ಬೇಡ ಅನ್ನುವುದಿಲ್ಲವಂತೆ. ನಾನೂ ಅನ್ನುವುದಿಲ್ಲ. ಅರ ಎಲ್ಲಿದೆ ಅಂತ ಅವನಿಗೆ ಗೊತ್ತು.