ಕಾಯಕದಲ್ಲಿ ನೊಂದವನ ಋಣ

ಮೇದಾರ ಕೇತಯ್ಯನ ಚರಿತ್ರೆಯು ಶರಣರ ಕಥೆಗಳನ್ನು ಬಲ್ಲ ಭಕ್ತರಿಗೆ ಹೊಸದಲ್ಲ. ಬಿದಿರು ಕಡಿದು ತಂದು, ಬುಟ್ಟಿ ಮೊರಗಳನ್ನು ಹೆಣೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹವನ್ನು ನಡೆಸುತ್ತಿದ್ದ ಶರಣನೀತನು. ಇವನ ನಿಷ್ಠೆಯನ್ನು ಒರೆಗೆ ಹಚ್ಚಲೆಂದು ಶಿವನು ಬಿದಿರಿನಲ್ಲಿ ಹೊನ್ನನ್ನು ತುಂಬಿದನೆಂದೂ, ಕಾಯಕದಿಂದ ಬಾರದ ಆ ಹೊನ್ನನ್ನು ಕೇತಯ್ಯನು ಹುಳುವೆಂದು ಬಗೆದು ಬಿಟ್ಟುಹೋದನೆಂದೂ ಹೇಳುವರು. ಪುರಾಣ ಕೇಳುವ ಜನ ಈ ಭಾಗಕ್ಕೆ ತಲೆದೂಗುತ್ತಾರೆ. ಮುಂದಿನ ಭಾಗದಲ್ಲಿ ಗಮನ ನಿಲ್ಲುವುದು ಕಡಮೆ. ಬಿದಿರು ಕಡಿಯುತ್ತಿರುವಾಗಲೇ ಬಿದಿರು ಕೇತಯ್ಯನ ಎದೆಗೆ ನಾಟಿತು. ಹೊಟ್ಟೆ ಹೊರೆಯುತ್ತಿದ್ದ ಕಾಯಕವೇ ಅವನ ಕಾಯವನ್ನು ಇರಿಯಿತು. ಕೇತಯ್ಯನ ಪ್ರಾಣದೊಡನೆ ಬಸವಣ್ಣನವರ ಪ್ರಾಣವೂ ಹೋಯಿತೆಂದೂ, ಮಡಿವಾಳ ಮಾಚಯ್ಯನವರು ಇಬ್ಬರನ್ನೂ ಎಬ್ಬಿಸಿದರೆಂದೂ ಕಥೆ ಮುಂದುವರಿಯುತ್ತದೆ.

ಪ್ರಾಣ ಮರಳಿದ ಪವಾಡವನ್ನು ನಂಬುವವರು ನಂಬಲಿ, ಅದನ್ನು ಸಂಕೇತವೆಂದು ತಿಳಿಯುವವರು ಹಾಗೆಯೇ ತಿಳಿಯಲಿ. ಬಿಜ್ಜಳನ ಭಂಡಾರದ ಅಧಿಕಾರಿ ಒಬ್ಬ ಮೇದಾರನ ಗಾಯವನ್ನು ತನ್ನದೆಂದು ತಿಳಿದನೆಂಬುದರಲ್ಲಿ ಮಾತ್ರ ಎರಡು ಅರ್ಥವಿಲ್ಲ. ಕೇತಯ್ಯನು ಕತ್ತಿಯನ್ನು ಸರಿಯಾಗಿ ಹಿಡಿದಿದ್ದನೆ, ನೋಡಿ ನಿಂತಿದ್ದನೆ, ತಪ್ಪು ಯಾರದು ಎಂಬ ವಿಚಾರಣೆ ಆ ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ಕಲ್ಯಾಣದಿಂದ ಇಂದಿನ ಹತ್ತಿಯ ಸೀಮೆಗೆ ಬರೋಣವಾಗಲಿ. ಹುಬ್ಬಳ್ಳಿ, ಗದಗ, ರಾಯಚೂರುಗಳ ಕಡೆ ಅರಳೆ ಗಿರಣಿಗಳು ಸುಗ್ಗಿಯ ಕೆಲವು ತಿಂಗಳು ಹಗಲಿರುಳೆನ್ನದೆ ನಡೆಯುತ್ತವೆ. ಅಲ್ಲಿಯ ಒಬ್ಬ ಹಮಾಲನನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಅಂಥವನು ಯಾವ ಗಿರಣಿಯಲ್ಲಿಯೂ ಸಿಕ್ಕಾನು. ವಯಸ್ಸು ನಲವತ್ತು, ಕೊರಳಲ್ಲಿ ಲಿಂಗ, ಬೆನ್ನ ಮೇಲೆ ಹತ್ತಿಕಾಳಿನ ಚೀಲ. ಲಾರಿಗೆ ಚಾಚಿದ ಹಲಗೆಯ ಮೇಲೆ ಕಾಲು ಜಾರಿ, ಚೀಲದ ಭಾರವೆಲ್ಲ ತಿರುಚಿದ ಬಲ ಮೊಣಕಾಲಿನ ಮೇಲೆ ಬೀಳುತ್ತದೆ. ಗಿರಣಿಯ ಸಾಹುಕಾರನೂ ಶಿವಭಕ್ತನೇ. ಗಾಡಿ ಮಾಡಿ ಆಸ್ಪತ್ರೆಗೆ ಕಳಿಸುತ್ತಾನೆ. ಎಂಟು ದಿನ ಬಿಟ್ಟು ತಾನೇ ಹಮಾಲನ ಮನೆಗೆ ಹೋಗಿ, "ತಮ್ಮಾ, ದೇವರು ದೊಡ್ಡಾಂವ, ಇದನ್ನ ಇಟಗೋ" ಎಂದು ಐದು ಸಾವಿರ ರೂಪಾಯಿ ಕೈಯಲ್ಲಿಡುತ್ತಾನೆ. "ಸಾವಕಾರ್ರ, ನಿಮ್ಮ ಉಪಕಾರ ಮರೆಯಾಂಗಿಲ್ಲ" ಎಂದು ಹಮಾಲನು ಕೈ ಮುಗಿಯುತ್ತಾನೆ. ಜೊತೆಯಲ್ಲಿ ಬಂದ ಗುಮಾಸ್ತನು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಸಂಜೆ ಆ ಐದು ಸಾವಿರ ಗಿರಣಿಯ ಲೆಕ್ಕದಲ್ಲಿ ಧರ್ಮಾದಾಯದ ಖಾತೆಗೆ ಬೀಳುತ್ತದೆ.

ಸಾಹುಕಾರನು ಕೆಟ್ಟವನಲ್ಲ. ಅವನು ತಪ್ಪಿದ್ದು ಖಾತೆಯಲ್ಲಿ. ಧರ್ಮಾದಾಯವೆಂದರೆ ಕೊಡಬೇಕೆನಿಸಿದಾಗ ಕೊಡುವುದು. ಎಷ್ಟು ಕೊಡಬೇಕೆಂಬುದು ಕೊಡುವವನ ಮನಸ್ಸಿಗೆ ಬಿಟ್ಟದ್ದು. ಕೊಟ್ಟವನಿಗೆ ಪುಣ್ಯ, ಕೊಂಡವನಿಗೆ ಉಪಕಾರದ ಭಾರ. ಗಿರಣಿಯ ಕೆಲಸದಲ್ಲಿ ಮುರಿದ ಮೊಣಕಾಲು ಈ ಜಾತಿಯದಲ್ಲ. ಗಿರಣಿಯ ಪಟ್ಟಿ ಹರಿದರೆ, ಲಾರಿಯ ಗಾಲಿ ಸಿಡಿದರೆ ಅದರ ವೆಚ್ಚವನ್ನು ಯಾವ ಸಾಹುಕಾರನೂ ಧರ್ಮಾದಾಯಕ್ಕೆ ಬರೆಯುವುದಿಲ್ಲ. ವ್ಯಾಪಾರದ ಖರ್ಚಿಗೇ ಬರೆಯುತ್ತಾನೆ. ಹಮಾಲನ ಕಾಲು ಸವೆದದ್ದೂ ಮುರಿದದ್ದೂ ಅದೇ ವ್ಯಾಪಾರದಲ್ಲಿ. ಅದರ ಪರಿಹಾರವು ಕೊಡತಕ್ಕ ಬಾಕಿ. ಬಾಕಿಯನ್ನು ದಾನವೆಂದು ಬರೆದುಕೊಂಡರೆ ಬಾಕಿ ತೀರುವುದಿಲ್ಲ, ದಾನವೂ ಆಗುವುದಿಲ್ಲ. ದಾಸೋಹಕ್ಕೆ ಸಲ್ಲುವ ಪದಾರ್ಥ ಸತ್ಯಶುದ್ಧ ಕಾಯಕದಿಂದ ಬಂದಿರಬೇಕೆಂಬುದು ಶರಣರ ಕಟ್ಟಳೆ. ಇನ್ನೊಬ್ಬನಿಗೆ ಸಲ್ಲಬೇಕಾದುದು ಉಳಿದಿರುವ ಗಲ್ಲೆಯಿಂದ ಮಠದ ಜಾತ್ರೆಗೆ ಬಂದ ಅಕ್ಕಿಯ ಚೀಲದಲ್ಲಿ ಹಮಾಲನ ಪಾಲೂ ಬೆರೆತಿರುತ್ತದೆ. ಮಠಕ್ಕೂ ಇದು ಯೋಚಿಸತಕ್ಕ ಮಾತು.

ಮೊಣಕಾಲೆಂಬುದು ಹೊರಗಿನಿಂದ ಸಾಮಾನ್ಯವಾಗಿ ಕಾಣುವ ಅಂಗ. ತೊಡೆಯ ಎಲುಬು, ಮುಂಗಾಲಿನ ಎಲುಬು, ನಡುವೆ ಎರಡು ಮೆತ್ತೆಗಳು, ಮುಂದೆ ಒಂದು ಚಿಪ್ಪು, ಇವನ್ನು ಬಿಗಿದು ಹಿಡಿದ ನಾಲ್ಕು ಮುಖ್ಯ ಕಟ್ಟುಗಳು. ಮೆಟ್ಟಿಲು ಇಳಿಯುವಾಗ ಇದರ ಮೇಲೆ ಶರೀರದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಬೆನ್ನ ಮೇಲೆ ಚೀಲವಿದ್ದವನ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಕಟ್ಟು ಹರಿದ ಮೇಲೆ ಶಸ್ತ್ರಕ್ರಿಯೆಯಾಗಿ ಗಾಯ ಮಾಯ್ದರೂ ಕಾಲು ಪೂರ್ತಿ ಮಡಿಸದೆ ಹೋಗಬಹುದು, ಇಳಿಜಾರಿನಲ್ಲಿ ನಂಬಿಕೆ ಕೊಡದೆ ಹೋಗಬಹುದು. ನೋಡುವವರಿಗೆ ಕಾಲು ಕಾಲಾಗಿಯೇ ಕಾಣುತ್ತದೆ. "ನಡೀತಾನಲ್ಲ, ಇನ್ನೇನು?" ಎನ್ನುತ್ತದೆ ಊರು. ಹಮಾಲನು ನಡೆಯುತ್ತಾನೆ, ನಿಜ. ಚೀಲ ಹೊತ್ತು ಹಲಗೆ ಏರಲಾರನು, ಕುಕ್ಕರಗಾಲಿನಲ್ಲಿ ಕೂರಲಾರನು, ಪ್ರಸಾದದ ಪಂಕ್ತಿಯಲ್ಲಿ ಎಲ್ಲರಂತೆ ನೆಲದ ಮೇಲೆ ಕೂರಲಾರನು. ಹೆಂಡತಿ ಕಳೆ ತೆಗೆಯುವ ಕೂಲಿಗೆ ಹೋಗತೊಡಗುತ್ತಾಳೆ. ಶಾಲೆಗೆ ಹೋಗುತ್ತಿದ್ದ ಮಗನ ಕಣ್ಣು ಗಿರಣಿಯ ಕಡೆ ತಿರುಗುತ್ತದೆ.

ಪದ್ಮಾಸನ ಹಾಕಲಾಗದೆ ಮಣೆಯ ಮೇಲೆ ಕಾಲು ಚಾಚಿ ಪೂಜೆಗೆ ಕೂತವನಿಗೆ ತನ್ನ ಪೂಜೆ ಊನವಾಯಿತೆಂಬ ಅಳುಕೂ ಹುಟ್ಟುವುದುಂಟು. ಅದು ಬೇಡದ ಅಳುಕು. ಇಷ್ಟಲಿಂಗದ ಪೀಠವು ಕರಸ್ಥಲ, ಮೊಣಕಾಲಲ್ಲ. ಆದರೆ ಬಸವಣ್ಣನವರು ತಮ್ಮ ಶರೀರವನ್ನೇ ಗುಡಿಯಾಗಿ ಕಂಡು ಕಾಲುಗಳನ್ನು ಅದರ ಕಂಬಗಳೆಂದು ಎಣಿಸಿದರೆಂಬುದನ್ನು ಭಕ್ತರೆಲ್ಲ ಬಲ್ಲರು. ಕಲ್ಲಿನ ಗುಡಿಯ ಕಂಬ ಬಿರುಕು ಬಿಟ್ಟರೆ ಜೀರ್ಣೋದ್ಧಾರದ ಸಮಿತಿ ಕೂಡಿ ಪಟ್ಟಿ ಎತ್ತುವ ಊರು, ಉಸಿರಾಡುವ ಗುಡಿಯ ಕಂಬ ಮುರಿದಾಗ ಐದು ಸಾವಿರಕ್ಕೆ ತೃಪ್ತವಾಗುವುದು ಸೋಜಿಗ.

ಕಾಯಿದೆಯು ಈ ವಿಷಯದಲ್ಲಿ ಭಕ್ತರಿಗಿಂತ ಮುಂದೆ ನಡೆದಿದೆ. 1923ರ ಕಾರ್ಮಿಕರ ಪರಿಹಾರದ ಕಾಯಿದೆಯು 1924ರ ಜುಲೈ 1ರಿಂದ ಜಾರಿಗೆ ಬಂದಿತು. 2009ರ ತಿದ್ದುಪಡಿಯಲ್ಲಿ ಅದಕ್ಕೆ ನೌಕರರ ಪರಿಹಾರದ ಕಾಯಿದೆಯೆಂದು ಹೆಸರಾಯಿತು. 2020ರ ಸಾಮಾಜಿಕ ಸುರಕ್ಷಾ ಸಂಹಿತೆ ಅದರ ತತ್ತ್ವಗಳನ್ನು ತನ್ನೊಳಗೆ ತೆಗೆದುಕೊಂಡು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಪೆಟ್ಟು ಕೆಲಸದ ಹೊತ್ತಿನಲ್ಲಿ, ಕೆಲಸದಿಂದಲೇ ಉಂಟಾಯಿತೆ ಎಂಬುದೊಂದೇ ಇದರ ಮುಖ್ಯ ಪ್ರಶ್ನೆ. ಮಾಲಿಕನ ತಪ್ಪನ್ನು ಕೆಲಸಗಾರನು ಸಿದ್ಧಪಡಿಸಬೇಕಾಗಿಲ್ಲ. ಬರಿಯ ಅಜಾಗರೂಕತೆಯಿಂದ ಕಾಲು ಜಾರಿದರೂ ಹಕ್ಕು ಹೋಗುವುದಿಲ್ಲ. ಕುಡಿದ ಅಮಲಿನಲ್ಲಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದರೆ ಮಾತು ಬೇರೆ. ಸಾವು ಅಥವಾ ಪೂರ್ಣವಾದ ಶಾಶ್ವತ ಅಸಾಮರ್ಥ್ಯ ಒದಗಿದಲ್ಲಿ ಆ ನೆವಗಳೂ ನಿಲ್ಲುವುದಿಲ್ಲ. ಕೇತಯ್ಯನ ಕಥೆಯಲ್ಲಿ ಕೇಳದಿದ್ದ ಪ್ರಶ್ನೆಯನ್ನು ಕಾಯಿದೆಯೂ ಕೇಳದು. ಇ.ಎಸ್.ಐ. ವಿಮೆಗೆ ಒಳಪಟ್ಟವನಿಗೆ ಈ ಭಾರವನ್ನು ನಿಗಮವು ಹೊರುತ್ತದೆ. ಆದರೆ 1948ರ ಇ.ಎಸ್.ಐ. ಕಾಯಿದೆಯು ಅರಳೆ ಗಿರಣಿಗಳಂಥ ಋತುಮಾನದ ಕಾರ್ಖಾನೆಗಳನ್ನು ಹೊರಗೇ ಇಟ್ಟಿತ್ತು. ಆದುದರಿಂದ ಇಂಥಲ್ಲಿ ಹೊಣೆ ನೇರವಾಗಿ ಮಾಲಿಕನ ಮೇಲೆಯೇ ಬಂದಿತು. ಹಮಾಲರನ್ನು ಗುತ್ತಿಗೆದಾರನು ಒದಗಿಸಿದನೆಂಬ ಉತ್ತರವೂ ಸಾಲದು: ಮಾಲಿಕನು ಮೊದಲು ಕೊಟ್ಟು, ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಯಿಸಿಕೊಂಡ ಒಪ್ಪಂದ ಊರ್ಜಿತವಲ್ಲ. ಗುಮಾಸ್ತನ ಹೆಬ್ಬೆಟ್ಟಿನ ಕಾಗದ ಮಸಿಗೆ ದಂಡ.

ಹಣದ ಲೆಕ್ಕ ಹೀಗೆ. ಕೆಲಸ ಮಾಡಲಾಗದೆ ಮಲಗಿದ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲುಭಾಗ, ಎಂದರೆ ಅರ್ಧ ಸಂಬಳ. ಚಿಕಿತ್ಸೆಗೆ ಆದ ನಿಜವಾದ ವೆಚ್ಚ ಬೇರೆ. 2009ರ ತಿದ್ದುಪಡಿಯಿಂದ ಇದು ಸೇರಿತು. ಊನವು ಶಾಶ್ವತವಾದರೆ ಸಂಬಳದ ನೂರಕ್ಕೆ 60ನ್ನು ವಯಸ್ಸಿನ ಅಂಕದಿಂದ ಗುಣಿಸಬೇಕು. 1923ರ ಕಾಯಿದೆಯ ಕೋಷ್ಟಕದಲ್ಲಿ ನಲವತ್ತು ವಯಸ್ಸಿನ ಅಂಕ 184.17. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದವನಿಗೆ ಪೂರ್ಣ ಅಸಾಮರ್ಥ್ಯಕ್ಕೆ 13,26,024 ರೂಪಾಯಿಯಾಗುತ್ತದೆ. ಗಳಿಸುವ ಶಕ್ತಿ ನೂರಕ್ಕೆ 30 ಕುಂದಿತೆಂದು ನಿರ್ಣಯವಾದರೆ ಅದರಲ್ಲಿ ಅಷ್ಟೇ ಪಾಲು, ಸುಮಾರು 3,97,800. ಸಾಹುಕಾರನು ಇಟ್ಟುಬಂದ ಐದು ಸಾವಿರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು.

ಇಲ್ಲಿಯೇ ಮೊಣಕಾಲಿನ ತೊಡಕು. ತೊಡೆಯ ಮಧ್ಯದಿಂದ ಮೊಣಕಾಲಿನ ಕೆಳಗೆ ಮೂರೂವರೆ ಅಂಗುಲದವರೆಗೆ ಎಲ್ಲಿಯಾದರೂ ಕಾಲನ್ನು ಕತ್ತರಿಸಬೇಕಾಗಿ ಬಂದರೆ ಕಾಯಿದೆಯ ಪಟ್ಟಿ ನೂರಕ್ಕೆ 60ರ ನಷ್ಟವೆಂದು ಮೊದಲೇ ಬರೆದಿಟ್ಟಿದೆ. ಕಾಲು ಉಳಿದೂ ಕೆಲಸಕ್ಕೆ ಬಾರದೆ ಹೋದ ಮೊಣಕಾಲಿಗೆ ಇಂಥ ಸಿದ್ಧ ಅಂಕವಿಲ್ಲ. ಗಳಿಸುವ ಶಕ್ತಿ ಎಷ್ಟು ಕುಂದಿತೆಂಬುದನ್ನು ಅರ್ಹ ವೈದ್ಯನು ಹೇಳಬೇಕು, ಸಕ್ಷಮ ಅಧಿಕಾರಿಯು ತೂಗಿ ನೋಡಬೇಕು. ತೂಗುವ ತಕ್ಕಡಿ ಯಾವುದು? ಇದಕ್ಕೆ ಸುಪ್ರೀಂ ಕೋರ್ಟು 1975ರ ಡಿಸೆಂಬರಿನಲ್ಲಿ ಒಬ್ಬ ಬಡಗಿಯ ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿತು. ಎಡಗೈಯನ್ನು ಕಳೆದುಕೊಂಡಿದ್ದ ಆ ಬಡಗಿಗೆ ಬಲಗೈ ಇತ್ತು, ಕಾಲುಗಳಿದ್ದುವು. ಆದರೂ ಒಂದು ಕೈಯಿಂದ ಬಡಗಿತನ ಸಾಧ್ಯವಿಲ್ಲವಾದುದರಿಂದ ಅವನ ಅಸಾಮರ್ಥ್ಯ ಪೂರ್ಣವೆಂದೇ ನ್ಯಾಯಾಲಯ ಎಣಿಸಿತು. ಪರಿಹಾರದ ಹೊಣೆ ಪೆಟ್ಟಾದ ದಿನದಿಂದಲೇ ಹುಟ್ಟುತ್ತದೆಂದೂ ಹೇಳಿತು. ಅಂಗವನ್ನು ಅಳೆಯುವಾಗ ಅದು ಮಾಡುತ್ತಿದ್ದ ಕೆಲಸವನ್ನು ನೋಡಬೇಕೆಂಬ ಈ ನ್ಯಾಯ, ಮನುಷ್ಯನನ್ನು ಅವನ ಕಾಯಕದಿಂದ ಗುರುತಿಸಿದ ಶರಣರಿಗೆ ಹೊರಗಿನದೆನಿಸದು. ಮೇದಾರ, ಮಡಿವಾಳ, ನುಲಿಯ, ಅಂಬಿಗ ಎಂದು ಅವರು ಕಾಯಕದ ಹೆಸರನ್ನು ಮುಂದಿಟ್ಟುಕೊಂಡೇ ಬಾಳಿದರು. ಮೊಣಕಾಲು ಬಿಗಿದರೂ ಗುಮಾಸ್ತನು ಲೆಕ್ಕ ಬರೆದಾನು. ಹಮಾಲನ ಬದುಕು ನಿಂತಿರುವುದು ಅದೇ ಕೀಲಿನ ಮೇಲೆ.

ಹಮಾಲನಿಗೂ ಶರಣರಲ್ಲಿ ಒಂದು ಪಾಠವಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದು ತಮಗೆ ಸಲ್ಲದ ಆಸೆಯೆಂದು ಮರಳಿ ಸುರಿದುಬರುವಂತೆ ಹೇಳಿದಳು. ಈ ಕಥೆಯನ್ನು ಎತ್ತಿಕೊಂಡು, ಪರಿಹಾರ ಕೇಳುವುದೇ ಆಸೆಯೆಂದು ಬಡವನಿಗೆ ಬೋಧಿಸುವವರುಂಟು. ಅವರು ಲಕ್ಕಮ್ಮನನ್ನು ಅರ್ಧವೇ ಕೇಳಿದವರು. ಹೆಚ್ಚಿನದನ್ನು ಸುರಿದು ಬಾ ಎಂದವಳು ದಿನದ ಪಾಲಿನ ಅಕ್ಕಿಯನ್ನು ಬಿಡಹೇಳಲಿಲ್ಲ. ಅದು ದಾಸೋಹದ ಅಕ್ಕಿ. ಊನವಿಲ್ಲದ ಕಾಲಿಗೆ ಕುಂಟು ಕಲಿಸುವುದು, ಪರಿಚಯದ ವೈದ್ಯನಿಂದ 20ನ್ನು 50 ಮಾಡಿಸುವುದು ಸುರಿಯಬೇಕಾದ ಅಕ್ಕಿ. ನಿಜವಾಗಿ ಕುಂದಿದುದರ ಬೆಲೆ ದಿನದ ಪಾಲು. ಇನ್ನೊಂದು ತಪ್ಪು ತಿಳಿವಳಿಕೆ ಪ್ರಾರಬ್ಧದ್ದು. ಹಿಂದಿನ ಜನ್ಮದಲ್ಲಿ ಮಾಡಿದ್ದನ್ನು ಉಣ್ಣುತ್ತಿದ್ದೇನೆಂದು ಸುಮ್ಮನಾದವನು ಹೆಂಡತಿ ಮಕ್ಕಳಿಗೂ ಅದೇ ಊಟವನ್ನು ಬಡಿಸುತ್ತಾನೆ.

ಸುಮ್ಮನಿದ್ದರೆ ಕಾಲವೂ ಮೀರುತ್ತದೆ. ಪೆಟ್ಟಾದುದನ್ನು ಕೂಡಲೇ ಬರಹದಲ್ಲಿ ತಿಳಿಸಬೇಕು. ಎರಡು ವರ್ಷದೊಳಗೆ ಸಕ್ಷಮ ಅಧಿಕಾರಿಯ ಮುಂದೆ ಅರ್ಜಿ ಬೀಳಬೇಕು. ಆಸ್ಪತ್ರೆಯ ಮೊದಲ ದಿನದ ಚೀಟಿಯಲ್ಲಿ ಪೆಟ್ಟು ಗಿರಣಿಯಲ್ಲಾಯಿತೆಂದು ಬರೆಸಿಕೊಳ್ಳದೆ, ಮನೆಯಲ್ಲಿ ಬಿದ್ದನೆಂದು ಯಾರದೋ ಮಾತು ಕೇಳಿ ಬರೆಸಿದವರು ಮುಂದೆ ಬಹಳ ಕಷ್ಟಪಟ್ಟಿದ್ದಾರೆ. ಕೂಲಿಯ ಚೀಟಿ, ಹಾಜರಿಯ ಪುಸ್ತಕ, ಜೊತೆಯಲ್ಲಿ ಚೀಲ ಹೊರುತ್ತಿದ್ದವರ ಮಾತು ಇವೇ ಸಾಕ್ಷಿ. ಓದುಬರಹ ಬಲ್ಲ ಭಕ್ತನೊಬ್ಬನು ಒಂದು ಮಧ್ಯಾಹ್ನ ಹಮಾಲನೊಡನೆ ಕೂತು ಈ ಕಾಗದಗಳನ್ನು ಜೋಡಿಸಿಕೊಟ್ಟರೆ ಅದೂ ದಾಸೋಹವೇ. ಮಾಲಿಕನು ಒಂದು ತಿಂಗಳೊಳಗೆ ಕೊಡದಿದ್ದರೆ ನೂರಕ್ಕೆ 12ರ ಬಡ್ಡಿಯನ್ನೂ, ಸಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡವನ್ನೂ 1923ರ ಕಾಯಿದೆ ವಿಧಿಸಿತ್ತು.

ಸಾಹುಕಾರನಿಗೆ ದಾರಿ ಕಾಣದೆ ಇಲ್ಲ. ಕೆಲಸಗಾರರ ಪೆಟ್ಟಿಗೆಂದೇ ವಿಮೆ ಇಳಿಸುವ ಕಂಪನಿಗಳಿವೆ. ವರ್ಷದ ಕಂತನ್ನು ವ್ಯಾಪಾರದ ಖರ್ಚಿನಲ್ಲಿ ಬರೆದರೆ, ಪೆಟ್ಟಾದ ದಿನ ಅವನೂ ಹಮಾಲನೂ ಒಬ್ಬರ ಮುಖವನ್ನೊಬ್ಬರು ಅಂಜದೆ ನೋಡಬಹುದು. ಐದು ಸಾವಿರವನ್ನು ಕೊಟ್ಟೇ ಕೊಡಲಿ, ಮನಸ್ಸಿನ ಕರುಣೆಗೆ ಯಾರ ಅಡ್ಡಿಯೂ ಇಲ್ಲ. ಬಾಕಿಯ ಪುಟದಲ್ಲಿ ಉಳಿದ ಮೊತ್ತವೂ ಇರಲಿ. ಮುಂದಿನ ಬಲಿಪಾಡ್ಯಮಿಗೆ ಹೊಸ ಖಾತೆಯ ಪುಸ್ತಕಕ್ಕೆ ವಿಭೂತಿ ಹಚ್ಚಿ ಪೂಜಿಸುವ ಮೊದಲು ಹಳೆಯ ಪುಸ್ತಕದ ಆ ಪುಟವನ್ನು ತೆರೆದು ನೋಡಲು ಅವಕಾಶವಿದೆ.

ಗಿರಣಿಯ ಅಂಗಳದಲ್ಲಿ ಆ ಹಲಗೆ ಇನ್ನೂ ಲಾರಿಗೆ ಚಾಚಿಯೇ ಇರುತ್ತದೆ, ಹತ್ತಿಕಾಳಿನ ಎಣ್ಣೆಯ ಜಿಡ್ಡು ಕೂತು ನುಣುಪಾಗಿ. ಗೇಣಿಗೊಂದರಂತೆ ಅದಕ್ಕೆ ಅಡ್ಡಪಟ್ಟಿ ಬಡಿಯುವುದು ಒಬ್ಬ ಬಡಗಿಯ ಅರ್ಧ ದಿನದ ಕೆಲಸ.